ಡಾಸ್ ಕಂಪ್ಯೂಟರಿಗೆ ನೆಟ್ ಹಾಕಿಸಿದ್ದು

ಹಳೇ ಸಾಮಾನು ಬಿಡದವನ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನನ್ನ ಸಾಮಾನು ಒಂದು ಕಂಪ್ಯೂಟರ್. ಕೆ.ಆರ್. ಪುರದ ಕಾರ್ಖಾನೆಯ ಸ್ಟೋರ್ಸಿನಲ್ಲಿ ಅದನ್ನು ನಡೆಸುತ್ತಿದ್ದವನು ನಾನೇ. ಅವರು ಬಿಸಾಡಿದಾಗ ಕಗ್ಗದಾಸಪುರಕ್ಕೆ ಆಟೋದಲ್ಲಿ ತಂದೆ. ಇಂದಿಗೂ ಒಂದೇ ಸಲಕ್ಕೆ ಆನ್ ಆಗುತ್ತದೆ.

ಈ ವರ್ಷ ಹೆಂಡತಿ ಗಡುವು ಕೊಟ್ಟಳು. ಆಯುಧ ಪೂಜೆಯೊಳಗೆ ಅದರಿಂದ ಅವಳ ಫೋನಿಗೆ ಒಂದು ಮೇಲ್ ಬರಬೇಕು. ಇಲ್ಲದಿದ್ದರೆ ಗುಜರಿಗೆ.

೧. ಎಷ್ಟು ವಿಂಡೋಸ್?

ಬೀದಿಯ ಕಂಬದ ಮೇಲೆ ‘ನೆಟ್ ಹಾಕಿಕೊಡಲಾಗುವುದು’ ಎಂದಿತ್ತು. ಫೋನ್ ಮಾಡಿದೆ.

“ಎಷ್ಟು ವಿಂಡೋಸ್ ಸಾರ್?”

ನನ್ನ ಕಂಪ್ಯೂಟರ್ ವಿಂಡೋಸ್ ಬರುವುದಕ್ಕೂ ಮುಂಚಿನದು. ಅದರಲ್ಲಿರುವುದು ಡಾಸ್.

“ವಿಂಡೋಸ್ ಇಲ್ಲ. ಬರೀ ಡಾಸ್.”

“ಡೋರ್ಸಾ? ಹಾಕೋಣ ಸಾರ್.”

ಮರುದಿನ ಟೇಪು ಹಿಡಿದು ಬಂದು ಬಾಗಿಲು ಅಳೆದ. ಸೊಳ್ಳೆ ನೆಟ್ಟಿನವನು. ಕರೆದದ್ದು ನಾನೇ. ಹಾಕಿಸಿಕೊಂಡೆ. ಆ ವಾರ ಮನೆಯೊಳಗೆ ಸೊಳ್ಳೆಯೂ ಬರಲಿಲ್ಲ, ಇಂಟರ್ನೆಟ್ಟೂ ಬರಲಿಲ್ಲ.

೨. ಇಪ್ಪತ್ತೈದು ಪಿನ್

ನಿಜವಾದ ಇಂಟರ್ನೆಟ್ಟಿನವನು ಬಂದು ಕಂಪ್ಯೂಟರಿನ ಹಿಂದೆಲ್ಲ ಟಾರ್ಚ್ ಬಿಟ್ಟು ನೋಡಿದ. ಅವನ ವೈರ್ ಸಿಕ್ಕಿಸಲು ತೂತೇ ಇಲ್ಲ ಎಂದ. ಇಂಥವಕ್ಕೆಂದೇ ಮಾಡಿದ ಒಂದು ಚಿಕ್ಕ ಪೆಟ್ಟಿಗೆ ತರಿಸಿದೆ. ಅದಕ್ಕೆ ಇಪ್ಪತ್ತೈದು ಪಿನ್ನಿನ ವೈರ್ ಬೇಕು. ಶಿವಾಜಿನಗರದ ಹಳೇ ಸಾಮಾನಿನ ಗಲ್ಲಿಗೆ ಹೋದೆ. ಅಂಗಡಿಯ ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅಟ್ಟ ಹತ್ತಿ ಒಂದು ವೈರ್ ಇಳಿಸಿ ಧೂಳು ಊದಿದ. ಕುರ್ಚಿ ಹಾಕಿ ಟೀ ತರಿಸಿದ. ಇಷ್ಟು ಮರ್ಯಾದೆ ಯಾಕೆಂದು ಕೇಳಿದೆ.

“ಈ ವೈರ್ ಕೇಳೋರು ಯಾರಾದ್ರೂ ಬರ್ತಾರೆ ಅಂತ ಮನೇಲಿ ಹೇಳ್ತಾನೇ ಇದ್ದೆ ಸಾಬ್. ಯಾರೂ ನಂಬ್ತಿರ್ಲಿಲ್ಲ. ಒಂದು ಫೋಟೋ ತಗೋತೀನಿ.”

ವೈರ್ ಹಿಡಿದು ನಿಂತೆ. ನೆಟ್ಟಗೇ ನಿಂತೆ.

೩. ಮೇಲ್

ಆಯುಧ ಪೂಜೆಯ ಹಿಂದಿನ ದಿನ ಎಲ್ಲ ಕೂಡಿಕೊಂಡಿತು. ಗುಜರಿಯವನು ಆಗಲೇ ಗೇಟಿನಲ್ಲಿದ್ದ. ಇಂಗ್ಲಿಷ್ ಅಕ್ಷರದಲ್ಲಿ ‘ಊಟ ಆಯ್ತಾ’ ಎಂದು ಟೈಪ್ ಮಾಡಿ ಕಳಿಸಿದೆ. ಹೋಯಿತು ಎಂದು ಪರದೆ ಹೇಳಿತು.

ಹೆಂಡತಿ ಫೋನ್ ನೋಡಿ ಬಂದಿಲ್ಲ ಎಂದಳು. ಇನ್ನೊಮ್ಮೆ ಕಳಿಸಿದೆ. ಅದೂ ಬಂದಿಲ್ಲ. ಅವಳು ಗುಜರಿಯವನನ್ನು ಒಳಗೆ ಕರೆದಳು. ಅವನು ಮಾನಿಟರ್ ತಬ್ಬಿ ಹಿಡಿದ.

ಆಗ ಪರದೆಯ ಮೂಲೆಯ ತಾರೀಖು ಕಂಡೆ. ಒಳಗಿನ ಗಡಿಯಾರದ ಬ್ಯಾಟರಿ ಸತ್ತಿತ್ತು. ಬ್ಯಾಟರಿ ಇಲ್ಲದಿದ್ದರೆ ಅದಕ್ಕೆ ಯಾವತ್ತೂ ಎಂಬತ್ತನೇ ಇಸವಿ ಜನವರಿ ಒಂದು. ಕಳಿಸಿದ ಮೇಲಿಗೂ ಅದೇ ತಾರೀಖು ಬಿದ್ದಿರುತ್ತದೆ. ಫೋನಿನ ಮೇಲ್ ಪಟ್ಟಿಯ ತಳಕ್ಕೆ ಹೋಗು ಎಂದೆ. ಅವಳು ಬೆರಳು ಎಳೆದಳು. ತುಂಬಾ ಹೊತ್ತು ಎಳೆದಳು. ಎರಡೂ ಅಲ್ಲಿ ಕೂತಿದ್ದವು, ನಮ್ಮ ಮದುವೆಗೆ ಎರಡು ವರ್ಷ ಮುಂಚಿನ ತಾರೀಖಿನಲ್ಲಿ.

ಅವಳು ಓದಿದಳು. ಗುಜರಿಯವನಿಗೆ ಅದನ್ನ ಕೆಳಗಿಡಪ್ಪ ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಮದುವೆಗೆ ಮುಂಚೆ ಒಂದು ಕಾಗದ ಬರೆದವರಲ್ಲ ಅಂತ ಇಷ್ಟು ವರ್ಷ ಬೈದೆ. ಎರಡು ಬರೆದಿದ್ರಲ್ಲ ರೀ. ತಲುಪೋದು ತಡ ಆಯ್ತು, ಅಷ್ಟೆ.”