ಅತ್ತಿಗೆ ಬೆಳೆಸಿದ ಹಾಕಿ ಆಟಗಾರ

ನಮ್ಮ ಅತ್ತಿಗೆಗೆ ಐಸ್ ಹಾಕಿಯ ಒಂದು ನಿಯಮವೂ ಗೊತ್ತಿಲ್ಲ. ಆದರೆ ಕೆನಡಾ ಗಡಿಯ ಈಚೆಗಿರುವ ನಮ್ಮ ಇಡೀ ನ್ಯೂಕ್ಯಾಸಲ್‌ನಲ್ಲಿ ಆ ಆಟಕ್ಕಾಗಿ ಅವರಷ್ಟು ಜಗಳವಾಡಿದವರು ಮತ್ತೊಬ್ಬರಿಲ್ಲ!

ಇಲ್ಲಿನ ಸಣ್ಣ ಲೀಗಿನ ತಂಡಗಳದ್ದು ಒಂದು ಪದ್ಧತಿ. ದೂರದಿಂದ ಬಂದ ಎಳೆಯ ಆಟಗಾರರನ್ನು ಊರಿನವರ ಮನೆಗಳಲ್ಲಿ ಇರಿಸುತ್ತಾರೆ. ಊಟ ಹಾಕುವುದು ಮನೆಯವರ ಪಾಲು, ಆಟ ಕಲಿಸುವುದು ಕೋಚ್ ಪಾಲು, ಚೆನ್ನಾಗಿ ಕಲಿತವನನ್ನು ಎತ್ತಿಕೊಂಡು ಹೋಗುವುದು ಮಾತ್ರ ಮೇಲಿನ ವೃತ್ತಿಪರ ತಂಡದ ಪಾಲು. ಹೇಳಿ, ಇದು ಯಾವ ಸೀಮೆಯ ನ್ಯಾಯ?

ಅಣ್ಣ-ಅತ್ತಿಗೆಯ ಮನೆಗೆ ಬಂದವನು ಕೆನಡಾದ ಗೋಧಿ ಬಯಲಿನ ಕಡೆಯವನು. ಬಂದಾಗ ಹದಿನಾರು, ಈಗ ಇಪ್ಪತ್ತು. ಈ ಸಲ ಮೇಲಿನವರು ಕರೆಯದಿದ್ದರೆ ಸಣ್ಣ ಲೀಗಿನ ವಯಸ್ಸೂ ಮೀರಿ, ಅವನ ಆಟವೇ ಮುಗಿದಂತೆ.

ಅಂಥವನನ್ನು ಕೋಚ್ ಗೋಲು ಹೊಡೆಯಲು ಬಿಡದೆ ಹಿಂದೆ ಕಾವಲಿಗೆ ನಿಲ್ಲಿಸಿದರು. ತಂಡ ಸೋತಿತು. ಅತ್ತಿಗೆ ನನ್ನನ್ನೂ ಎಳೆದುಕೊಂಡು ಕೋಚ್ ಎದುರು ನಿಂತರು. ತಡೆಯುವುದೂ ಬಂದರೇ ಮೇಲಿನವರು ಕರೆಯುವುದು, ಇವತ್ತಿನ ಸೋಲು ಪರವಾಗಿಲ್ಲ ಎಂದರು ಆತ, ತಣ್ಣಗೆ.

"ಪರವಾಗಿಲ್ವಂತೆ ಕಣೇ! ಹಾಗಾದ್ರೆ ಟಿಕೆಟ್ ತಗೊಂಡು ಚಳೀಲಿ ನಡುಗೋಕೆ ಬಂದಿದೀವಾ ನಾವು?"

ಆಮೇಲೆ ಕೋಚ್ ಕಡೆಯಿಂದ ಬಂದ ಅಪ್ಪಣೆ, ಅವನ ಮೈತೂಕ ಸಾಲದು ಎಂದು. ಅತ್ತಿಗೆಗೆ ಎಲ್ಲಿಲ್ಲದ ಸಿಟ್ಟು!

"ನನ್ನ ಅಡಿಗೆ ತಿಂದು ತೆಳ್ಳಗಾದೋರು ಯಾರೇ? ನಿಮ್ಮಣ್ಣನ್ನ ನೋಡು!"

"ಅಣ್ಣ ಸ್ಕೇಟಿಂಗ್ ಮಾಡಲ್ಲ ಅತ್ತಿಗೆ."

"ನೀನು ಸುಮ್ನಿರು."

ಹೋಳಿಗೆಗೆ ತುಪ್ಪ, ಅನ್ನಕ್ಕೆ ತುಪ್ಪ, ದೋಸೆಗೆ ತುಪ್ಪ. ತೂಕವೇನೋ ಬಂತು. ಆದರೆ ಮಂಜುಗಡ್ಡೆಯ ಮೇಲೆ ಅವನು ತಿರುಗುವುದನ್ನು ನೋಡಬೇಕಿತ್ತು, ಘಾಟಿಯಲ್ಲಿ ಮರಳು ಲಾರಿ ತಿರುಗಿದ ಹಾಗೆ! ಬೇಕಿದ್ದದ್ದು ಕೊಬ್ಬಲ್ಲ, ಸ್ನಾಯು ಎಂದು ಕೋಚ್ ಫೋನ್ ಮಾಡಿದರು. ಅಂದಿನಿಂದ ಆ ಮನೆಯಲ್ಲಿ ಎಲ್ಲರಿಗೂ ಕಡಲೆಕಾಳು ಉಸ್ಲಿ. ಅಣ್ಣನಿಗೂ!

ಒಂದು ಬೆಳಿಗ್ಗೆ ಮೇಲಿನಿಂದ ಕರೆ ಬಂದೇ ಬಂತು. ಮಧ್ಯಾಹ್ನದ ವಿಮಾನಕ್ಕೆ ಹೊರಡಬೇಕು!

"ಒಂದು ದಿನ ಟೈಮ್ ಕೊಡಕ್ಕಾಗಲ್ವಾ ಇವ್ರಿಗೆ? ನಾವು ಬೆಳೆಸೋದು, ಇವ್ರು ಕಿತ್ಕೊಂಡು ಹೋಗೋದು!"

ಅವನನ್ನು ಬಿಟ್ಟು ಏರ್‌ಪೋರ್ಟಿನಿಂದ ಮನೆಯವರೆಗೆ ಇದೇ ಬೈಗುಳ. ಡ್ರೈವ್ ಮಾಡುತ್ತಿದ್ದ ನಾನೂ ಸೇರಿಕೊಂಡು ಬೈದೆ. ಮನೆಯೊಳಗೆ ಕಾಲಿಡುವಷ್ಟರಲ್ಲಿ ಫೋನು. ಸ್ಪೀಕರಿನಲ್ಲಿ ಅವನ ತಾಯಿ. ಧನ್ಯವಾದಗಳೆಲ್ಲ ಮುಗಿದ ಮೇಲೆ, ಸ್ವಲ್ಪ ಸಂಕೋಚದಿಂದ, ಆಕೆ ಒಂದು ಮಾತು ಕೇಳಿದರು. ವಿಡಿಯೋದಲ್ಲಿ ಮುಖವಷ್ಟೇ ಕಾಣುತ್ತದಂತೆ; ರಜೆಯಲ್ಲಿ ಬಂದರೂ ಗೋಡೆಗೆ ನಿಲ್ಲಿಸಿ ಅಳೆಯುವಷ್ಟು ಹೊತ್ತೂ ನಿಲ್ಲುವವನಲ್ಲವಂತೆ. ನಿಮ್ಮ ಮನೆಯಲ್ಲಿ ಅವನು ಎಷ್ಟು ಎತ್ತರ ಬೆಳೆದ?

ಅತ್ತಿಗೆಯ ಬೈಗುಳ ಅಲ್ಲೇ ನಿಂತಿತು. ನನ್ನ ಮುಖ ನೋಡಿದರು. ಆಮೇಲೆ ಅಡುಗೆಮನೆಯ ಬಾಗಿಲಿಗೆ ಹೋಗಿ, ತುದಿಗಾಲಲ್ಲಿ ನಿಂತು, ತಮ್ಮ ತಲೆಯಿಂದ ಎಷ್ಟೋ ಮೇಲೆ ಚೌಕಟ್ಟಿಗೆ ಅಂಗೈ ಊರಿದರು. ಗಡಿಯಾಚೆಯ ಆ ತಾಯಿಗೆ ಕಾಣುತ್ತಿದೆಯೇನೋ ಎಂಬಂತೆ, ಕನ್ನಡದಲ್ಲೇ, ಮೆಲ್ಲಗೆ ಹೇಳಿದರು:

"ಇಷ್ಟು."