ಖಾಲಿ ತಾಟು ಅಳೆಯುವ ಮಾಮಾ

ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಮಾಮಾ ನನ್ನ ಕೈಯೊಳಗಿನ ಚಹಾದ ಕಪ್ಪು ಕಸಿದುಕೊಂಡು ಬಚ್ಚಲಿಗೆ ಸುರಿದರು. ನಾನಾಗ ಏಳು ತಿಂಗಳ ಬಸುರಿ. ಅವ್ವ ಇಲ್ಲದ ನನಗೆ ಮಟಕಿ ಊರಿನ ಮಾಮಾನ ಮನೆಯೇ ತವರು. ತವರಿನಲ್ಲಿ ಬಸುರಿಯ ಬಾಯಿಂದ ಚಹಾ ಕಸಿಯುವ ಪದ್ಧತಿಯನ್ನು ಎಲ್ಲಾದರೂ ಕೇಳಿದ್ದೀರಾ? ಈಗಲೂ ಯಾರಾದರೂ ನನ್ನ ಕಪ್ಪಿನ ಕಡೆ ಕೈ ಚಾಚಿದರೆ ಎರಡೂ ಕೈಯಲ್ಲಿ ಅದನ್ನು ಅವುಚಿಕೊಳ್ಳುತ್ತೇನೆ.

ಏನೂ ಇಲ್ಲದ್ದನ್ನು ಅಳೆದೇ ಪಿಂಚಣಿ ಪಡೆದ ಮನುಷ್ಯ ಆಳಂದ ತಾಲೂಕಿನಲ್ಲಿ ನಮ್ಮ ಮಾಮಾ ಒಬ್ಬರೇ ಇರಬೇಕು. ದೂರದ ಪ್ರಯೋಗಾಲಯವೊಂದರಲ್ಲಿ ಹಾಲು, ಅಕ್ಕಿ, ಮಣ್ಣು, ನೀರಿನಲ್ಲಿ ವಿಕಿರಣವೇನಾದರೂ ಇದೆಯೇ ಎಂದು ನೋಡುವುದು ಅವರ ಕೆಲಸವಾಗಿತ್ತು. ಇದ್ದರೂ ಚಿಟಿಕೆಯಷ್ಟು. ನಿವೃತ್ತರಾಗಿ ಊರಿಗೆ ಬಂದಾಗ ಉಳಿದವರು ಸೋಫಾ ತರುತ್ತಾರೆ, ಇವರು ಸೀಸದ ಪೆಟ್ಟಿಗೆ ತಂದರು. ಟೆಂಪೊದಿಂದ ಅದನ್ನು ಇಳಿಸುವಾಗ ಓಣಿಯ ಗಂಡಸರೆಲ್ಲ ಬೆವತು ಹೋದರು. ಎದುರುಮನೆಯ ಗೌಡರು ಸೊಂಟ ಹಿಡಿದುಕೊಂಡೇ ಕೇಳಿದರು:

“ಒಳಗೇನದರಿ ಸಾಹೇಬ್ರ?”

“ಏನೂ ಇಲ್ಲರಿ.”

“ಏನೂ ಇಲ್ಲದ್ದಕ್ಕ ಇಷ್ಟು ವಜ್ಜಿ ಪೆಟಗಿ?”

“ಹೊರಗಿನ ವಿಕಿರಣ ಒಳಗ ಬರಬಾರ್ದು ಅಂತ. ಗ್ವಾಡ್ಯಾಗ ಅದ, ನೆಲದಾಗ ಅದ, ನಿಮ್ಮ ಮೈಯಾಗೂ ಅದರಿ. ಸ್ವಲ್ಪ ದೂರ ಸರೀರಿ.”

ಗೌಡರು ಸರಿದರು. ಆಮೇಲೆ ಬಹಳ ದಿನ ಆ ಕಡೆ ಹಾಯಲಿಲ್ಲ.

ಪೆಟ್ಟಿಗೆಯೊಳಗೆ ಅಂಗೈಯಗಲದ ಸ್ಟೀಲಿನ ತಾಟು. ಅದರಲ್ಲಿ ಅಳೆಯುವ ವಸ್ತು ಇಟ್ಟರೆ ಮೇಲಿನ ಯಂತ್ರ ಆಗಾಗ ಟಿಕ್ ಎನ್ನುತ್ತದೆ. ಮಾಮಾನ ಪ್ರಕಾರ ಮೊದಲು ಖಾಲಿ ತಾಟು ಅಳೆಯಬೇಕು, ಅದೂ ಇಡೀ ದಿನ. “ಏನೂ ಇಲ್ಲದಾಗ ಎಷ್ಟು ಟಿಕ್ ಅಂತದ ಅನ್ನೋದು ಗೊತ್ತಿಲ್ಲಂದ್ರ, ಏನರೆ ಇದ್ದಾಗ ಎಷ್ಟು ಅಂತ ಹ್ಯಾಂಗ ಹೇಳ್ತಿ?” ನಾನು ಬಿ.ಕಾಂ. ಓದಿದವಳು, ಸುಮ್ಮನೆ ತಲೆಯಾಡಿಸಿದೆ.

ಈ ಚಟ ಊಟಕ್ಕೂ ಹಬ್ಬಿತ್ತು. “ಪಲ್ಯಾಕ ಉಪ್ಪು ಸಾಕೇನ್ರಿ?” ಎಂದು ಮಾಮಾನ ಹೆಂಡತಿ, ನಮ್ಮ ಅತ್ತೆ, ಕೇಳಿದರೆ, “ಇನ್ನೊಂದು ಸಲ ಬಡಸು. ಒಂದು ತುತ್ತಿನ ಮ್ಯಾಲ ಹೇಳಾಕ ಬರಂಗಿಲ್ಲ” ಎನ್ನುವರು. ಪಾತ್ರೆ ಬರಿದಾದ ಮೇಲೆ ತೀರ್ಪು ಬರುತ್ತಿತ್ತು: “ಸ್ವಲ್ಪ ಕಡಿಮಿ ಇತ್ತು ಅನಸ್ತದ.” ಅಷ್ಟರಲ್ಲಿ ಅತ್ತೆಗೆ ತಿನ್ನಲು ಪಲ್ಯವೇ ಇರುತ್ತಿರಲಿಲ್ಲ.

ನಾನು ತವರಿಗೆ ಬಂದ ವಾರವೇ ಮಾಮಾನಿಗೆ ಹಿತ್ತಲಿನ ಹೊಸ ಬೋರಿನ ಮೇಲೆ ಅನುಮಾನ ಬಂತು. ಆಳದ ಕಲ್ಲಿನೊಳಗಿನ ವಿಕಿರಣ ನೀರಿಗೂ ಇಳಿದಿರಬಹುದಂತೆ. ಕೊಡಗಟ್ಟಲೆ ನೀರನ್ನು ಕಾಯಿಸಿ ಕಾಯಿಸಿ ಬತ್ತಿಸಿ, ತಳದಲ್ಲಿ ಉಳಿದ ಗಸಿಯನ್ನು ತಾಟಿಗೆ ಹಾಕಬೇಕು. ಅತ್ತೆ ಅಡ್ಡ ನಿಂತರು.

“ನಿಮ್ಮ ನೀರು ಕುದಸಾಕ ಸಿಲಿಂಡರ್ ಮುಟ್ಟಿದ್ರ ನೋಡ್ರಿ. ತೊಗರಿ ಕಟಗಿ ಬೇಕಾದಷ್ಟವ, ಒಲೀಗೆ ಇಡ್ರಿ.”

ಒಲೆ ಹೊತ್ತಿತು. ಅತ್ತೆ ಊದುಗೊಳವೆ ಹಿಡಿದು ದಿನವಿಡೀ ಊದಿದರು. ಮಾಮಾ ಅಳೆದರು. ಖಾಲಿ ತಾಟಿಗಿಂತ ಹೆಚ್ಚು ಟಿಕ್. ಆ ಬೆಳಿಗ್ಗೆಯೇ ನನ್ನ ಚಹಾ ಬಚ್ಚಲು ಸೇರಿದ್ದು.

“ಅಂಜಬ್ಯಾಡ ಬೇ. ಇನ್ನೂ ಏನಂತ ಗೊತ್ತಾಗಿಲ್ಲ,” ಎಂದರು. ಇದಕ್ಕಿಂತ ಭಯಂಕರವಾದ ಸಮಾಧಾನವನ್ನು ನಾನು ಕೇಳಿಲ್ಲ. ಮೊಬೈಲಿನಲ್ಲಿ ಓದಬಾರದ್ದನ್ನೆಲ್ಲ ಓದಿದೆ. ಆ ವಾರ ಕುಡಿದ ನೀರು, ಉಂಡ ಸಾರು, ತೊಳೆದು ತಿಂದ ಪೇರಲೆ ಒಂದೊಂದೂ ನೆನಪಾಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತೆ. ಕೂಸು ಒದೆಯದಿದ್ದರೆ ಭಯ, ಜೋರಾಗಿ ಒದ್ದರೂ ಭಯ.

ಗೌಡರ ಹೆಂಡತಿ ಧೈರ್ಯ ಹೇಳಲು ಬಂದರು. “ಚಲೋನೇ ಆತು ಬಿಡವ್ವ. ಇನ್ನ ಕರೆಂಟ್ ಹೋದ್ರ ಬೆಳಕಿಗೆ ನಿನ್ನ ಮಗ್ಗಲಕ್ಕ ಬಂದು ಕುಂದ್ರತೇವಿ.”

ಅಂದಿನಿಂದ ದಿನಾ ನಾನು ಏಳುವುದರೊಳಗೆ ಹೊಲದ ಹಳೆ ಬಾವಿಯ ನೀರು ನನ್ನ ಹಾಸಿಗೆಯ ಬಳಿ ತಾಮ್ರದ ತಂಬಿಗೆಯಲ್ಲಿರುತ್ತಿತ್ತು. ಮಾಮಾ ಅದನ್ನು ಮೊದಲೇ ಅಳೆದು, ಖಾಲಿ ತಾಟಿನಷ್ಟೇ ಇದೆ ಎಂದಿದ್ದರು. ಒಲೆಯ ಮುಂದೆ ಕೂತು ಬತ್ತಿಸುವ ಪುರುಸೊತ್ತಿಲ್ಲದೆ ಮಾಳಿಗೆಯ ಬಿಸಿಲಿಗೆ ಅಗಲವಾದ ಪರಾತದಲ್ಲಿಟ್ಟು ಬತ್ತಿಸಿದ್ದರಂತೆ. ಎರಡು ನೀರಿಗೆ ಎರಡು ಬಗೆ. ಅದೇ ಅವರಿಗೆ ಒಂದು ದಿನ ಚುಚ್ಚಿತು.

ಬಸ್ಸಿಗೆ ಆಳಂದಕ್ಕೆ ಹೋಗಿ, ಬ್ಯಾಟರಿಗೆ ಹಾಕುವ ಶುದ್ಧ ನೀರಿನ ಕ್ಯಾನುಗಳನ್ನು ಹೊತ್ತು ತಂದರು. ಏನೂ ಇಲ್ಲದ ಆ ನೀರನ್ನು ಅದೇ ಒಲೆಯ ಮೇಲೆ ಅದೇ ರೀತಿ ಬತ್ತಿಸಿ ಅಳೆದರು. ಬೋರಿನ ನೀರಿನಷ್ಟೇ ಟಿಕ್! ಮಾಮಾ ಎದ್ದು ಅಡುಗೆಮನೆಗೆ ಬಂದರು. ಅತ್ತೆ ರೊಟ್ಟಿಗೆಂದು ಒಲೆ ಊದುತ್ತಿದ್ದರು. ಒಂದೊಂದು ಊದಿಗೂ ಬೂದಿ ಎದ್ದು ಪಕ್ಕದ ಪಾತ್ರೆಯೊಳಗೆ ಹಿಮದಂತೆ ಇಳಿಯುತ್ತಿತ್ತು. ಮಾಮಾ ಒಂದು ಚಿಟಿಕೆ ಬೂದಿ ಒಯ್ದು ತಾಟಿನಲ್ಲಿಟ್ಟರು. ಯಂತ್ರ ಹುರಿಯುವ ಕಡಲೆಯಂತೆ ಸಿಡಿಯಿತು.

“ತೊಗರಿ ಗಿಡ ಮಣ್ಣಾಗಿನ ಪೊಟ್ಯಾಸಿಯಂ ಹೀರತದ. ಸುಟ್ಟರ ಅದು ಬೂದ್ಯಾಗ ಉಳೀತದ. ಅದರಾಗ ಒಂದು ಕಣದಷ್ಟು ವಿಕಿರಣ ಇದ್ದಽ ಇರ್ತದ. ಭೂಮಿ ಹುಟ್ಟಿದಾಗಿಂದ ಅದ, ಅಪಾಯಿಲ್ಲ,” ಎಂದರು.

ಅತ್ತೆ ಅವರ ಹಣೆಯ ವಿಭೂತಿಯನ್ನೇ ನೋಡಿದರು. “ಅಂದ್ರ ಅದರಾಗೂ?”

“ಅದರಾಗೂ.”

“ಮತ್ತ ದಿನಾ ಪೆಟಗಿ ಮುಂದ ಬಗ್ಗಿ ನಿಲ್ತೀರಲ್ರಿ, ಗೌಡ್ರನ್ನ ದೂರ ಸರಸಿ.”

ಮಾಮಾ ಹಣೆ ಮುಟ್ಟಿಕೊಂಡರು. “ಖಾಲಿ ತಾಟು ಅಳದೆ. ಖಾಲಿ ಒಲಿ ಅಳೀಲಿಲ್ಲ,” ಎಂದು ನನ್ನ ಕಡೆ ನೋಡದೆ ಹೇಳಿದರು.

ಬೋರಿನ ನೀರು ಮತ್ತೆ ಬತ್ತಿತು, ಈ ಸಲ ಸಿಲಿಂಡರಿನ ಮೇಲೆ. ಅತ್ತೆಯೇ ಹಚ್ಚಿಕೊಟ್ಟರು. ಶುಕ್ರವಾರ ಸಂಜೆ ಫಲಿತಾಂಶ ಬಂತು: ಖಾಲಿ ತಾಟಿನಷ್ಟೇ. ಮಾಮಾ ಅದೇ ನೀರಿನ ಚಹಾ ಮಾಡಿ ತಂದು, ಒಂದು ಗುಟುಕು ತಾವು ಕುಡಿದು, ಕಪ್ಪನ್ನು ನನ್ನ ಕೈಗಿಟ್ಟರು. ಕೊಡುವಾಗ ಅವರ ಅಂಗೈ ಕಂಡಿತು. ಬಾವಿಯ ಹಗ್ಗ ಜಗ್ಗಿ ಸುಲಿದಿತ್ತು.

“ಹೊಲದ ನೀರು ನೀವು ತರ್ತಿದ್ರಲ್ಲ?” ಎಂದು ಅತ್ತೆಯನ್ನು ಕೇಳಿದೆ.

“ನಂಗೆಲ್ಲಿ ಬಿಟ್ರವ್ವ ಅವ್ರು. ನಿದ್ದಿನೂ ಮಾಡವಲ್ರು, ಮುಂಜಾನೆ ಆಗೂದಽ ಕಾಯ್ತಿದ್ರು.”

“ಇನ್ನೊಂದು ಸಲ ಅಳೀತೀನಿ, ಖಾತ್ರಿಗೆ,” ಎಂದು ಮಾಮಾ ತಾಟು ಒಳಗಿಟ್ಟು ಪಕ್ಕದಲ್ಲಿ ಕೂತವರು, ಹೊತ್ತು ಮುಳುಗುವ ಮೊದಲೇ ಪೆಟ್ಟಿಗೆಗೆ ತಲೆ ಆನಿಸಿ ನಿದ್ದೆ ಹೋದರು. ಯಾರನ್ನೂ ಹತ್ತಿರ ಬಿಡದ ಪೆಟ್ಟಿಗೆ ಅದು. ಹಣೆಯ ವಿಭೂತಿ ಸೀಸಕ್ಕೆ ಮೆತ್ತಿಕೊಂಡಿತ್ತು. ಆ ಅಳತೆ ಕೆಟ್ಟಿತೆಂದು ನನಗೂ ಅತ್ತೆಗೂ ಗೊತ್ತಿತ್ತು. ನಾವು ಎಬ್ಬಿಸಲಿಲ್ಲ. ಅತ್ತೆ ಕೌದಿ ಹೊದಿಸಿದರು, ನಾನು ಅಲ್ಲೇ ಬದಿಗೆ ಹಾಸಿಕೊಂಡೆ. ಶನಿವಾರ ಬಿಸಿಲು ಏರಿದ ಮೇಲೆಯೇ ಮೂವರಿಗೂ ಎಚ್ಚರವಾಯಿತು.