ಸಿಂದಗಿಗೆ ಮಂಜೂರಾದ ರೈಲು

ಸಿಂದಗಿ ತಾಲ್ಲೂಕಿನಲ್ಲಿ ರೈಲು ಇಲ್ಲ. ಈ ಸಂಗತಿ ಜನರಿಗೆ ಮೊದಲಿನಿಂದಲೂ ಗೊತ್ತಿತ್ತು. ಸರ್ಕಾರಕ್ಕೆ ಗೊತ್ತಿದೆಯೋ ಇಲ್ಲವೋ ಎಂಬ ಅನುಮಾನ ಸರ್ಕಾರಕ್ಕೇ ಇದ್ದುದರಿಂದ, ಅದನ್ನು ತನಗೆ ತಾನೇ ತಿಳಿಸಿಕೊಳ್ಳುವ ಸಲುವಾಗಿ ಅದು ಸಿಂದಗಿಯಲ್ಲಿ ಒಂದು ಕಚೇರಿಯನ್ನು ತೆರೆಯಿತು. ಅದರ ಹೆಸರು ತಾಲ್ಲೂಕು ರೈಲ್ವೆ ಅಪೇಕ್ಷಾ ಕಚೇರಿ. ಅಪೇಕ್ಷೆ ಎಂದರೆ ಬಯಕೆ. ರೈಲು ಬೇಕೆನ್ನುವವರು ಅಲ್ಲಿಗೆ ಬಂದು ಅರ್ಜಿ ಕೊಡಬೇಕು. ನಾವು ಅದಕ್ಕೆ ಮೊಹರು ಹಾಕಿ ಮೇಲಕ್ಕೆ ಕಳಿಸಬೇಕು. ನಾನು ಅಲ್ಲಿ ಟಪಾಲು ಗುಮಾಸ್ತನಾಗಿದ್ದೆ. ಆದ್ದರಿಂದ ಮುಂದೆ ಹೇಳುವುದೆಲ್ಲ ನನ್ನ ಮೇಜಿನ ಮೇಲಿಂದಲೇ ಹಾದುಹೋದದ್ದು.

ಪಕ್ಕದ ತಾಲ್ಲೂಕುಗಳ ವಿಷಯವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಗೊಂದಲವಾದೀತು. ಮುದ್ದೇಬಿಹಾಳಕ್ಕೂ ರೈಲು ಇಲ್ಲ. ಇಂಡಿಗೂ ಬಸವನ ಬಾಗೇವಾಡಿಗೂ ಇದೆ. ಆದರೆ ಆ ಸ್ಟೇಷನ್ನುಗಳ ಹೆಸರು ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್. ರೋಡ್ ಎಂದರೆ, ರೈಲು ಇಳಿದ ಮೇಲೆ ಊರು ಮುಟ್ಟಲು ಇನ್ನೂ ರಸ್ತೆ ಬಾಕಿ ಇದೆ ಎಂದು ಅರ್ಥ.

ಮೈಸೂರು ರಾಜ್ಯ ಕರ್ನಾಟಕವಾದ ಮರುವರ್ಷ ಮೇಲಿನಿಂದ ಉತ್ತರ ಬಂತು. ಅದರ ಸಾರಾಂಶ ಹೀಗಿತ್ತು:

‘ರೈಲನ್ನು ಅಪೇಕ್ಷಿಸುತ್ತಿರುವ ಜನರು ಅದನ್ನು ನಿಭಾಯಿಸಲು ಶಕ್ತರೋ ಎಂಬುದು ಮೊದಲು ಸಾಬೀತಾಗತಕ್ಕದ್ದು. ಸದರಿ ಉದ್ದೇಶಕ್ಕಾಗಿ ಮೇಜಿನ ಮೇಲೆ ಓಡುವ ಅಳತೆಯ ಉಗಿ ಇಂಜಿನ್ ಒಂದನ್ನೂ ಪ್ರಯಾಣಿಕರ ಬೋಗಿಗಳನ್ನೂ ಖರೀದಿಸಿ, ಓಡಿಸಿ, ತಪಾಸಣೆಗೆ ಒಪ್ಪಿಸತಕ್ಕದ್ದು.’

ಮೇಜಿನ ಮೇಲೆ ಓಡುವುದು ಎಂದರೆ ಆಟಿಕೆಯಲ್ಲ. ಆಟಿಕೆಗೆ ಕೀಲಿ ಕೊಡುತ್ತಾರೆ. ಇದಕ್ಕೆ ಹಿತ್ತಾಳೆಯ ಬಾಯ್ಲರ್ ಇರುತ್ತದೆ. ಕೆಳಗೆ ಸ್ಪಿರಿಟ್ ದೀಪ ಹಚ್ಚಿದರೆ ಒಳಗಿನ ನೀರು ಕುದ್ದು, ಉಗಿಯಾಗಿ, ಗಾಲಿ ತಿರುಗಿಸುತ್ತದೆ. ಶಿಳ್ಳೆಯನ್ನೂ ಹೊಡೆಯುತ್ತದೆ. ದೊಡ್ಡ ಇಂಜಿನ್ನಿಗೂ ಇದಕ್ಕೂ ಇರುವ ವ್ಯತ್ಯಾಸ ಗಾತ್ರದ್ದು ಮಾತ್ರ. ಇನ್ನೊಂದು ವ್ಯತ್ಯಾಸವೆಂದರೆ, ದೊಡ್ಡದು ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುತ್ತದೆ.

ನಮ್ಮ ಸಾಹೇಬರಾದ ಮಾಳಿಂಗಪ್ಪನವರು ಈ ಕೆಲಸವನ್ನು ಕುತುಬುದ್ದೀನನಿಗೆ ವಹಿಸಿದರು. ಕುತುಬುದ್ದೀನ ಹಂಗಾಮಿ ಗುಮಾಸ್ತ, ಅಂದರೆ ಯಾವತ್ತು ಬೇಕಾದರೂ ಮನೆಗೆ ಕಳಿಸಬಹುದಾದವನು.

“ಗಾಡಿ ಓಡಿತು ಅಂದ್ರ ನೀ ಖಾಯಂ,” ಅಂದರು ಸಾಹೇಬರು. “ಓಡಲಿಲ್ಲ ಅಂದ್ರ, ನಿನಗ ನೌಕರಿ ಹ್ಯಾಂಗ ಕೊಡೂದು ನೀನ ಹೇಳು.”

“ಓಡತೈತ್ರಿ ಸಾಹೇಬ್ರ,” ಅಂದ ಕುತುಬುದ್ದೀನ. ಅವನು ಅಲ್ಲಿಯವರೆಗೆ ಉಗಿ ಇಂಜಿನ್ನನ್ನು ನೋಡಿದ್ದು ಇಂಡಿ ರೋಡ್ ಸ್ಟೇಷನ್ನಿನಲ್ಲಿ, ಅದೂ ಹೊರಟುಹೋದ ಮೇಲೆ.

ಖರೀದಿಯಲ್ಲಿ ಒಂದು ನಿಯಮ ಅಡ್ಡ ಬಂತು. ಇಂಜಿನ್ ಯಂತ್ರ, ಅದನ್ನು ಯಂತ್ರ ಶಾಖೆ, ಅಂದರೆ ಕುತುಬುದ್ದೀನ, ತರಿಸಬೇಕು. ಬೋಗಿಗಳಲ್ಲಿ ಕೂರುವ ವ್ಯವಸ್ಥೆ ಇರುವುದರಿಂದ ಅವು ಪೀಠೋಪಕರಣ. ಅವನ್ನು ಪೀಠೋಪಕರಣ ಶಾಖೆ ತರಿಸಬೇಕು. ಆ ಶಾಖೆ ಎಂದರೆ ಕಾಳಪ್ಪ. ಅವನು ಕಿಟಕಿಯ ಪಕ್ಕ ಕೂರುತ್ತಿದ್ದ.

“ಕಾಳಪ್ಪಣ್ಣ, ಎರಡೂ ಒಂದ ಅಂಗಡ್ಯಾಗ ತರಸೂಣು. ಬೋಗಿ ಇಂಜಿನ್ನಿಗೆ ಹೊಂದಬೇಕಲ್ಲ?” ಅಂದ ಕುತುಬುದ್ದೀನ.

“ಬೋಗ್ಯಾಗ ಕುರ್ಚಿ ಅದಾವೋ ಇಲ್ಲೋ?”

“ಅದಾವ.”

“ಕುರ್ಚಿ ಇದ್ದದ್ದೆಲ್ಲಾ ನಂದು. ಗಾಲಿ ಇದ್ದದ್ದು ನಿಂದು.”

“ಬೋಗಿಗೂ ಗಾಲಿ ಅದಾವಲ್ಲೋ ಅಣ್ಣ!”

“ಸಾಹೇಬ್ರ ಕುರ್ಚಿಗೂ ಗಾಲಿ ಅದಾವ. ಅದನ್ನೇನು ನೀ ತಂದಿಯೇನು?”

ಇಂಜಿನ್ ಮುಂಬಯಿಯ ಒಂದು ಅಂಗಡಿಯಿಂದ ಬಂತು, ಜೊತೆಗೆ ಅದರದೇ ಆದ ದುಂಡನೆಯ ಹಳಿಯೂ ಬಂತು. ಬೋಗಿಗಳು ಸೊಲ್ಲಾಪುರದ ಇನ್ನೊಂದು ಅಂಗಡಿಯಿಂದ ಬಂದವು. ಅವುಗಳ ಜೊತೆಗೂ ದುಂಡನೆಯ ಹಳಿ ಬಂತು, ಆದರೆ ಅದು ಸಣ್ಣದು. ಇಂಜಿನ್ನಿನ ಗಾಲಿಗಳ ನಡುವೆ ಮೂರು ಬೆರಳಿನ ಅಂತರ, ಬೋಗಿಗಳ ಗಾಲಿಗಳ ನಡುವೆ ಎರಡು ಬೆರಳಿನದು. ಇಂಜಿನ್ ಬೋಗಿಯ ಹಳಿಯ ಮೇಲೆ ನಿಲ್ಲುವುದಿಲ್ಲ, ಬೋಗಿ ಇಂಜಿನ್ನಿನ ಹಳಿಯ ಮೇಲೆ ನಿಲ್ಲುವುದಿಲ್ಲ. ಎರಡೂ ಶಾಖೆಗಳು ತಮ್ಮ ತಮ್ಮ ವಸ್ತು ಸರಿಯಾಗಿದೆ ಎಂದು ಬರೆದುಕೊಟ್ಟವು. ಅದು ನಿಜವೂ ಆಗಿತ್ತು.

ಎಲ್ಲವೂ ಬಸ್ಸಿನ ಟಾಪಿನ ಮೇಲೆ ಬಂದವು. ಹೀಗೆ ಸಿಂದಗಿಗೆ ರೈಲು ಮೊದಲ ಸಲ ಬಂದದ್ದು ಬಸ್ಸಿನಲ್ಲಿ.

ಸಾಹೇಬರು ಇಂಜಿನ್ನಿಗೆ ಪೂಜೆ ಮಾಡಿಸಿದರು. ಕುಂಕುಮ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಇಂಜಿನ್ನನ್ನು ಮುಂದಕ್ಕೆ ದೂಡಿದರು. ಲಾರಿಯ ಕೆಳಗೆ ನಿಂಬೆಹಣ್ಣು ಒಡೆಯುತ್ತದೆ. ಇಲ್ಲಿ ನಿಂಬೆಹಣ್ಣು ಒಡೆಯಲಿಲ್ಲ, ಇಂಜಿನ್ ಮಗುಚಿ ಬಿತ್ತು. ಸಾಹೇಬರು ಅದನ್ನು ಎತ್ತಿ ನಿಲ್ಲಿಸಿ, ಕೀಲುಗಳಿಗೆ ಎಣ್ಣೆ ಬಿಡಲು ಹೇಳಿದರು. ಇಂಜಿನ್ ಬಂದ ಪೆಟ್ಟಿಗೆಯಲ್ಲಿ ಒಂದು ಸಣ್ಣ ಎಣ್ಣೆ ಸೀಸೆ ಇತ್ತು.

“ಅದನ್ನ ತೆಗದಿಡ್ರಿ,” ಅಂದರು ಸಾಹೇಬರು. “ನಮ್ಮ ತಾಲ್ಲೂಕಿನ ಗಾಡಿಗೆ ಪರದೇಶಿ ಎಣ್ಣಿ ಯಾಕ? ಕುಸುಬಿ ಎಣ್ಣಿ ತರ್ರಿ. ಅದನ್ನ ಉಂಡ ನಾವು ಇಷ್ಟು ವರ್ಷ ಓಡ್ಯಾಡಾಕತ್ತಿಲ್ಲೇನು?”

ನಮ್ಮ ಕಡೆ ಎಲ್ಲರ ಮನೆಯಲ್ಲೂ ಕುಸುಬಿ ಎಣ್ಣೆಯೇ. ಒಗ್ಗರಣೆಗೆ ಅದರಂಥದ್ದು ಇಲ್ಲ. ಆದರೆ ಅದನ್ನು ಗಾಳಿಗೆ ಬಿಟ್ಟರೆ ಏನಾಗುತ್ತದೆ ಎಂಬುದು, ಎಣ್ಣೆ ಡಬ್ಬಿ ಇಡುವ ಹಲಗೆಯ ಮೇಲೆ ಒಮ್ಮೆ ಕೈ ಇಟ್ಟವರಿಗೆ ಗೊತ್ತು. ಅದು ಮೊದಲು ಅಂಟಾಗುತ್ತದೆ, ಆಮೇಲೆ ವಾರ್ನಿಶ್ ಆಗುತ್ತದೆ.

ಅದು ವಾರ್ನಿಶ್ ಆಗಲು ಬೇಕಾದಷ್ಟು ಸಮಯ ಸಿಕ್ಕಿತು, ಏಕೆಂದರೆ ಸ್ಪಿರಿಟ್ಟಿಗೆ ಪರವಾನಗಿ ಬೇಕಾಗಿತ್ತು. ಪರವಾನಗಿ ಬೇಕಾದರೆ ಮುಚ್ಚಳಿಕೆ ಬರೆದುಕೊಡಬೇಕು. ಕುತುಬುದ್ದೀನ ಬರೆದುಕೊಟ್ಟ: ‘ಸದರಿ ಸ್ಪಿರಿಟನ್ನು ಇಂಜಿನ್ ಒಂದೇ ಸೇವಿಸತಕ್ಕದ್ದು. ಕಚೇರಿಯ ಯಾವ ನೌಕರನೂ ಅದಕ್ಕೆ ಜೊತೆ ಕೊಡತಕ್ಕದ್ದಲ್ಲ.’

ಸ್ಪಿರಿಟ್ ಬಂದ ದಿನ ದೀಪ ಹಚ್ಚಿದರು. ಕಚೇರಿಯ ಬಾವಿಯ ನೀರು ಕುದಿಯಿತು. ಗಾಲಿ ಅಲುಗಾಡಲಿಲ್ಲ, ಶಿಳ್ಳೆ ಮಾತ್ರ ಜೋರಾಗಿ ಹೊಡೆಯಿತು. ಸಾಹೇಬರು ಬಹಳ ಸಂತೋಷಪಟ್ಟು, ‘ರೈಲು ಬಂದಂತೆ ಕೇಳಿಸಿತು’ ಎಂದು ವರದಿ ಕಳಿಸಿದರು. ಆದರೆ ನಮ್ಮ ಬಾವಿಯ ನೀರು ಸವುಳು. ಚಹಾದ ಪಾತ್ರೆಯ ತಳದಲ್ಲಿ ಕೂರುವ ಬಿಳಿಯ ಹಕ್ಕಳೆ ಬಾಯ್ಲರಿನಲ್ಲೂ ಕೂತು, ಸ್ವಲ್ಪ ದಿನಕ್ಕೆ ಶಿಳ್ಳೆಯೂ ನಿಂತಿತು.

ರಿಪೇರಿಗೆ ಕಳಿಸಬೇಕೆಂದರೆ ಅದಕ್ಕೂ ನಿಯಮವಿತ್ತು. ಸುಸ್ಥಿತಿಯಲ್ಲಿ ಇಲ್ಲದ ವಸ್ತುವನ್ನು ಕಚೇರಿಯಿಂದ ಹೊರಗೆ ಒಯ್ಯುವಂತಿಲ್ಲ. ಒಯ್ಯಬೇಕಾದರೆ ಅದು ಸುಸ್ಥಿತಿಯಲ್ಲಿದೆ ಎಂದು ಸಾಹೇಬರು ಪ್ರಮಾಣಪತ್ರ ಕೊಡಬೇಕು. ಸುಸ್ಥಿತಿಯಲ್ಲಿರುವ ವಸ್ತುವಿಗೆ ರಿಪೇರಿ ಮಂಜೂರಾಗುವುದಿಲ್ಲ. ಅಷ್ಟರಲ್ಲಿ ವಿಜಾಪುರದಿಂದ ತಪಾಸಣಾಧಿಕಾರಿಗಳು ಬರುವ ಸುದ್ದಿ ಬಂತು.

ಕುತುಬುದ್ದೀನ ರವಿವಾರ ಇಂಜಿನ್ನನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ದ. ಬೋಗಿಗಳನ್ನೂ ಎರಡು ಹಳಿಗಳನ್ನೂ ನಾನು ಹೊತ್ತುಕೊಂಡು ಹೋದೆ. ಆದ್ದರಿಂದ ಅವನ ಹೆಂಡತಿ ಸಗೀರಾ ಆಡಿದ ಮಾತುಗಳನ್ನು ನಾನೇ ಕೇಳಿದ್ದೇನೆ.

“ಏನ್ರಿ ಇದು?”

“ಸರ್ಕಾರದ ರೈಲು.”

“ಇಷ್ಟ ಸಣ್ಣದು?” ಅಂದಳು ಸಗೀರಾ. “ಇದರ ಸಲುವಾಗಿ ನೀವು ಮುಂಜಾನೆ ಅಂಗಿ ಇಸ್ತ್ರಿ ಮಾಡಿಸ್ಕೊಂಡು ಹೋಗ್ತಿದ್ರೇನು?”

“ಇದು ಓಡಿದ್ರ ನಾ ಖಾಯಂ ಆಗ್ತೇನಿ.”

“ಹಂಗಾರ ಓಡಸ್ರಿ. ತವರೂರು ಸಾಲೋಟಗ್ಯಾಗ ಅಮ್ಮಾ ನಮ್ಮ ತಂಗೀ ಮದವೀ ಮಾತು ಮುಗಿಸ್ಯಾಳ. ದೊಡ್ಡ ಅಳಿಯ ಸರ್ಕಾರದಾಗ ಖಾಯಂ ಅದಾನ ಅಂತ ಕೇಳಿ ಗಂಡಿನವ್ರು ಒಪ್ಯಾರ.”

“ಯಾರು ಹೇಳಿದ್ರು ಅವರಿಗೆ?”

“ಮತ್ಯಾರು ಹೇಳ್ತಾರ? ನಾನ.”

ಕುತುಬುದ್ದೀನ ಕಟ್ಟೆಯ ಮೇಲೆ ಕುಳಿತುಬಿಟ್ಟ. ಈಗ ಇಂಜಿನ್ ಓಡದಿದ್ದರೆ ಹೋಗುವುದು ನೌಕರಿಯೊಂದೇ ಅಲ್ಲ, ನಾದಿನಿಯ ಮದುವೆಯೂ ಹೋಗುತ್ತದೆ. ಸಗೀರಾ ಮಾತ್ರ ಇಂಜಿನ್ನನ್ನು ಹಿತ್ತಾಳೆ ಕೊಡವೆಂದು ತಿಳಿದು, ಹುಣಸೆಹಣ್ಣಿನ ನೀರಿನಲ್ಲಿ ಅದ್ದಿ ಕುದಿಸಿದಳು. ಕುತುಬುದ್ದೀನ ಕೀಲುಗಳಿಗೆ ಚಿಮಣಿ ದೀಪದ ಸೀಮೆಎಣ್ಣೆ ಬಿಟ್ಟು ಉಜ್ಜಿದ. ಮಧ್ಯಾಹ್ನದ ಹೊತ್ತಿಗೆ ಹಕ್ಕಳೆ ಬಿಟ್ಟಿತು, ಅಂಟೂ ಬಿಟ್ಟಿತು, ಇಂಜಿನ್ನಿನ ಹಸಿರು ಬಣ್ಣವೂ ಬಿಟ್ಟಿತು. ದೀಪ ಹಚ್ಚಿ, ಉಗಿ ಬಿಡುವ ಕೀಲನ್ನು ಎಡಕ್ಕೆ ತಿರುಗಿಸಿದರೆ ಇಂಜಿನ್ ದೊಡ್ಡ ಹಳಿಯ ಮೇಲೆ ಸುತ್ತತೊಡಗಿತು.

“ಇಂಜಿನ್ ಓಡಿತು. ಬೋಗಿ ಏನು ಮಾಡೂದೋ?” ಅಂದೆ ನಾನು.

ಕುತುಬುದ್ದೀನ ಎರಡೂ ಹಳಿಗಳನ್ನು ಗೇಣಿನಿಂದ ಅಳೆದ. ಆಮೇಲೆ ಬೋಗಿಗಳ ಸಣ್ಣ ಹಳಿಯನ್ನು ಇಂಜಿನ್ನಿನ ದೊಡ್ಡ ಹಳಿಯ ಒಳಗೆ ಇಟ್ಟ. ಸಗೀರಾಳ ಕೌದಿ ಹೊಲಿಯುವ ದಾರದಿಂದ ಹೊರಗಿನ ಇಂಜಿನ್ನಿಗೂ ಒಳಗಿನ ಬೋಗಿಗೂ ಗಂಟು ಹಾಕಿದ. ಇಂಜಿನ್ ಹೊರಗೆ ಸುತ್ತಿತು, ಬೋಗಿಗಳು ಒಳಗೆ ಸುತ್ತಿದವು. ಗಾಣದ ಎತ್ತಿಗೂ ಗಾಣಕ್ಕೂ ಇರುವಂಥ ಸಂಬಂಧ ಅದು.

ಇಷ್ಟಾದ ಮೇಲೆ ತಪಾಸಣೆ ಸುಲಭವಾಗಬೇಕಿತ್ತು. ಆದರೆ ತಪಾಸಣೆಯ ದಿನವೇ ಕುತುಬುದ್ದೀನನ ಖಂಡಿತ ದಿನ, ಅಂದರೆ ಸೇವೆ ತುಂಡಾಗುವ ದಿನವಾಗಿತ್ತು. ಇದನ್ನು ವಿವರಿಸಬೇಕು. ಹಂಗಾಮಿ ನೌಕರನು ಎಡೆಬಿಡದೆ ದುಡಿದರೆ ಖಾಯಂ ಮಾಡಿರೆಂದು ಕೇಳಲು ಹಕ್ಕು ಬರುತ್ತದೆ. ಆ ಹಕ್ಕು ಬರಬಾರದೆಂದು, ಆಗಾಗ ಒಂದು ದಿನ ಅವನನ್ನು ಕೆಲಸದಿಂದ ತೆಗೆದು ಮರುದಿನ ಮತ್ತೆ ಸೇರಿಸಿಕೊಳ್ಳುತ್ತಾರೆ. ಆ ದಿನ ಅವನು ನೌಕರನಲ್ಲ, ಸಾರ್ವಜನಿಕ.

“ಇವತ್ತ ನೀ ಒಳಗ ಬರೂಹಂಗಿಲ್ಲ,” ಅಂದರು ಸಾಹೇಬರು ಬಾಗಿಲಲ್ಲಿ ನಿಂತು.

“ಮತ್ತ ಗಾಡಿ ಯಾರು ಓಡಸಾವ್ರು ಸಾಹೇಬ್ರ?”

“ನಾ ಓಡಸ್ತೇನಿ. ಪೂಜಿ ಮಾಡಿದಾವ ನಾನ ಅಲ್ಲೇನು?”

ತಪಾಸಣಾಧಿಕಾರಿ ಬಾಬುಲಾಲ ಸಾಹೇಬರು ಬಂದು ಕುರ್ಚಿಯಲ್ಲಿ ಕುಳಿತರು. ಮಾಳಿಂಗಪ್ಪ ಸಾಹೇಬರು ದೀಪ ಹಚ್ಚಿದರು. ನೀರು ಕುದಿಯಿತು, ಇಂಜಿನ್ ನಡುಗಿತು, ಆದರೆ ಮುಂದಕ್ಕೆ ಹೋಗಲಿಲ್ಲ. ಸಾಹೇಬರು ಅದಕ್ಕೆ ಕೈ ಮುಗಿದರು. ಆಗ ಕಿಟಕಿಯ ಹೊರಗಿನಿಂದ ಒಂದು ದನಿ ಬಂತು:

“ಕೀಲು ತಿರುವ್ರಿ ಸಾಹೇಬ್ರ! ಎಡಕ್ಕ! ಅದು ಬಲಕ್ಕ ಆತ್ರಿ!”

“ಅಂವ ಯಾರು?” ಅಂದರು ಬಾಬುಲಾಲ ಸಾಹೇಬರು.

“ಸಾರ್ವಜನಿಕ್ರಿ,” ಅಂದರು ಮಾಳಿಂಗಪ್ಪ ಸಾಹೇಬರು.

“ಒಳಗ ಕರೀರಿ.”

ಕುತುಬುದ್ದೀನ ಒಳಗೆ ಬಂದು, ಒಂದೇ ಬೆರಳಿನಿಂದ ಕೀಲನ್ನು ಎಡಕ್ಕೆ ತಿರುಗಿಸಿದ. ಇಂಜಿನ್ ಹೊರಟಿತು. ಕೌದಿಯ ದಾರ ಬಿಗಿಯಾಯಿತು. ಬೋಗಿಗಳು ಹೊರಟವು. ಕಾಳಪ್ಪ ಕೂಡ ಎದ್ದು ನಿಂತ.

“ಇಂಜಿನ್ ಒಂದು ಹಳೀ ಮ್ಯಾಲೆ, ಬೋಗಿ ಇನ್ನೊಂದು ಹಳೀ ಮ್ಯಾಲೆ ಯಾಕ?” ಎಂದು ಕೇಳಿದರು ಬಾಬುಲಾಲ ಸಾಹೇಬರು.

“ಇಂಜಿನ್ನಿಗೆ ಅಪಘಾತ ಆದ್ರ ಪ್ರಯಾಣಿಕರಿಗೆ ತ್ರಾಸ ಆಗಬಾರದಲ್ರಿ,” ಅಂದ ಕುತುಬುದ್ದೀನ.

ಬಾಬುಲಾಲ ಸಾಹೇಬರು ತಲೆದೂಗಿದರು. “ಶಾಣ್ಯಾ ಅದಿ. ನೀ ಈ ಕಚೇರಿ ನೌಕರನೇನು?”

ಹೌದೆಂದರೆ, ಕೆಲಸವಿಲ್ಲದ ದಿನ ಸರ್ಕಾರಿ ವಸ್ತು ಮುಟ್ಟಿದ ಅಪರಾಧ. ಅಲ್ಲವೆಂದರೆ, ರೈಲು ಓಡಿಸಿದ್ದರ ಫಲ ಬಿಟ್ಟುಕೊಟ್ಟಂತೆ. ಕುತುಬುದ್ದೀನ ಮಾಳಿಂಗಪ್ಪ ಸಾಹೇಬರ ಮುಖ ನೋಡಿದ. ಅವರು ಸೂರು ನೋಡುತ್ತಿದ್ದರು.

“ಇವತ್ತ ಅಲ್ರಿ,” ಅಂದ ಸಣ್ಣ ದನಿಯಲ್ಲಿ.

“ನಾ ಕೇಳಿದ್ದೂ ಇವತ್ತಿನ ಮಾತ!” ಅಂದರು ಬಾಬುಲಾಲ ಸಾಹೇಬರು ಸಂತೋಷದಿಂದ. “ಜನರಿಗೆ ರೈಲು ನಿಭಾಯಿಸಾಕ ಬರತೈತೇನು ಅನ್ನೂದು ಪ್ರಶ್ನೆ. ನೌಕರ ಓಡಿಸಿದ್ರ ನೌಕರಗ ಬರತೈತಿ ಅಂತಾಗ್ತಿತ್ತು. ಇಲ್ಲಿ ಖುದ್ದ ಸಾರ್ವಜನಿಕನ ಓಡಿಸ್ಯಾನ. ಇಂಥ ತಪಾಸಣಿ ನಾ ಎಲ್ಲೂ ಕಂಡಿಲ್ಲ.”

ಮುಂದಿನ ತಿಂಗಳು ಆದೇಶ ಬಂತು: ‘ಸಿಂದಗಿ ತಾಲ್ಲೂಕಿನ ಜನರು ರೈಲನ್ನು ನಿಭಾಯಿಸಲು ಶಕ್ತರಾಗಿದ್ದಾರೆ. ಅವರಲ್ಲಿ ಈಗಾಗಲೇ ಒಂದು ರೈಲು ಇರುವುದರಿಂದ ಇನ್ನೊಂದರ ಅಗತ್ಯವಿಲ್ಲ. ಅದನ್ನು ಓಡಿಸಿದ ಕುತುಬುದ್ದೀನ ಎಂಬ ಸಾರ್ವಜನಿಕನನ್ನು, ತಪಾಸಣೆಯ ದಿನ ಆತನಿದ್ದ ಸ್ಥಾನದಲ್ಲಿಯೇ ಖಾಯಂಗೊಳಿಸಲಾಗಿದೆ.’

ಆತನಿದ್ದ ಸ್ಥಾನ ಯಾವುದು ಎಂಬ ಬಗ್ಗೆ ಚರ್ಚೆ ನಡೆಯಿತು. ರೈಲ್ವೆಯಲ್ಲಿ ಸಾರ್ವಜನಿಕನಿಗೆ ಏನೆನ್ನುತ್ತಾರೆ ಎಂದು ಮಾಳಿಂಗಪ್ಪ ಸಾಹೇಬರು ಕೇಳಿದರು. ಪ್ರಯಾಣಿಕ ಎಂದು ಕಾಳಪ್ಪ ಹೇಳಿದ. ಹೀಗೆ ಕುತುಬುದ್ದೀನ ಸಿಂದಗಿಯ ಖಾಯಂ ಪ್ರಯಾಣಿಕನಾದ. ಕಾಯುವ ಭತ್ಯೆ ಸಹಿತ ಪಗಾರ ನಿಗದಿಯಾಯಿತು. ಪೀಠೋಪಕರಣ ಶಾಖೆಯಿಂದ ಒಂದು ಬೆಂಚು ಮಂಜೂರಾಯಿತು. ಪ್ರಯಾಣಿಕನು ಇಂಜಿನ್ನನ್ನು ಮುಟ್ಟಬಾರದೆಂಬ ನಿಯಮ ಇರುವುದರಿಂದ, ಮತ್ತು ಇಂಜಿನ್ನನ್ನು ಓಡಿಸಲು ಬೇರೆ ಯಾರಿಗೂ ಬಾರದಿರುವುದರಿಂದ, ರೈಲು ಆಮೇಲೆ ಓಡಲಿಲ್ಲ. ಕುತುಬುದ್ದೀನನ ಕೆಲಸಕ್ಕೆ ಇದರಿಂದ ಅನುಕೂಲವೇ ಆಯಿತು. ಅವನ ಕೆಲಸ ಕಾಯುವುದಾಗಿತ್ತು.

“ಖಾಯಂ ಆತೇನ್ರಿ?” ಎಂದು ಸಗೀರಾ ಕೇಳಿದಳಂತೆ.

“ಆತು.”

“ಏನಂತ?”

“ಪ್ರಯಾಣಿಕ ಅಂತ.”

“ಪಗಾರ ಐತಿಲ್ಲೋ?” ಅಂದಳು ಸಗೀರಾ.

“ಐತಿ.”

“ಹಂಗಾರ ರೊಟ್ಟಿ ಎರಡು ಹೆಚ್ಚಿಗಿ ಕಟ್ಟತೇನಿ. ಪ್ರಯಾಣದಾಗ ಹಸಿವು ಜಾಸ್ತಿ.”

ಗಂಡಿನವರು ಮುದ್ದೇಬಿಹಾಳದವರು. ಮದುವೆಗೆ ಮೊದಲು ದೊಡ್ಡ ಅಳಿಯನ ನೌಕರಿಯನ್ನು ಕಣ್ಣಾರೆ ನೋಡಲು ವರನೂ ಅವನ ಸೋದರಮಾವ ಹಾಜಿಮಲಂಗನೂ ಬಸ್ಸಿನಲ್ಲಿ ಬಂದರು. ಕುತುಬುದ್ದೀನ ಬೆಂಚಿನ ಮೇಲೆ ಚೀಲ ಇಟ್ಟುಕೊಂಡು ಕುಳಿತಿದ್ದ. ನಿಯಮದ ಪ್ರಕಾರ ಅವನು ಬೀಗರು ಬಂದರೂ ಏಳುವಂತಿರಲಿಲ್ಲ.

“ಎಲ್ಲಿಗೆ ಹೊಂಟೀರಿ?” ಎಂದು ಹಾಜಿಮಲಂಗ ಗಾಬರಿಯಿಂದ ಕೇಳಿದ.

“ಎಲ್ಲಿಗೂ ಇಲ್ರಿ. ಖಾಯಂ ಇಲ್ಲೇ.”

ಹಾಜಿಮಲಂಗ ಬೆಂಚನ್ನು ಮುಟ್ಟಿ ನೋಡಿದ, ಇಂಜಿನ್ನನ್ನು ನೋಡಿದ, ಗೋಡೆಗೆ ಅಂಟಿಸಿದ್ದ ಆದೇಶದ ಮೊಹರನ್ನು ನೋಡಿದ. ಅವನಿಗೆ ಸಂಪೂರ್ಣ ಸಮಾಧಾನವಾಯಿತು. ವರನನ್ನು ಮುಂದಕ್ಕೆ ದೂಡಿ, “ಸಾಹೇಬ್ರ, ಇಂಥಾ ಜಾಗಾ ಇನ್ನೊಂದು ಖಾಲಿ ಐತೇನ್ರಿ? ಹುಡುಗ ಓದ್ಯಾನ, ಕುಂದ್ರಾಕೂ ಬರತೈತಿ,” ಅಂದ.

“ಒಂದು ಗಾಡಿಗೆ ಒಬ್ಬಾವ ಪ್ರಯಾಣಿಕ,” ಅಂದರು ಮಾಳಿಂಗಪ್ಪ ಸಾಹೇಬರು. “ನಿಮ್ಮ ತಾಲ್ಲೂಕಿಗೆ ರೈಲು ಐತೇನು?”

“ಇಲ್ರಿ.”

“ಹಂಗಾರ ಕಾಳಜಿ ಮಾಡಬ್ಯಾಡ್ರಿ. ಇಲ್ಲಂತ ಅರ್ಜಿ ಕೊಡ್ರಿ.”

ವರ ನನ್ನ ಮೇಜಿಗೆ ಬಂದು ಅಲ್ಲಿಯೇ ಅರ್ಜಿ ಬರೆದ. ನಾನು ಮೊಹರು ಹಾಕಿದೆ. ಆಮೇಲೆ ಅವರಿಬ್ಬರೂ ಕುತುಬುದ್ದೀನನಿಗೆ ಗಾಡಿ ಬೇಗ ಬರಲೆಂದು ಹಾರೈಸಿದರು. ಬೇಗ ಬಂದರೆ ನೌಕರಿ ಹೋಗುತ್ತದೆಂದು ನೆನಪಾಗಿ, ಸಾವಕಾಶ ಬರಲೆಂದು ತಿದ್ದಿ, ಬಸ್ಸು ಹಿಡಿಯಲು ಹೋದರು.